ದಿಲ್ಸಿಯಾಳ ಸೂಜಿಯ ಮೊನೆ

ಚೊಲೋಮಾ ಪಟ್ಟಣದ ಗಾರ್ಮೆಂಟ್ಸ್‌ನಲ್ಲಿ ಶುಕ್ರವಾರ ಮಧ್ಯಾಹ್ನದ ಮೇಲೆ ಯಾರನ್ನೂ ಮಾತಾಡಿಸಬಾರದು. ಮಾತಾಡಿಸಿದರೆ ಬೈಗುಳ ಗ್ಯಾರಂಟಿ. ವಾರದ ಟಾರ್ಗೆಟ್ಟನ್ನು ಶುಕ್ರವಾರ ಸಂಜೆಯೊಳಗೆ ಮುಗಿಸಿದ ಲೈನಿಗೆ ಶನಿವಾರ ರಜೆ, ಮುಗಿಸದ ಲೈನು ಶನಿವಾರವೂ ಬಂದು ಕೂರಬೇಕು. ನಿಯಮ ಇಷ್ಟೇ. ಆದರೆ ಮದುವೆ, ಜ್ಞಾನಸ್ನಾನ, ಹಲ್ಲುನೋವು, ಗಂಡನ ಜೊತೆ ಬಾಕಿ ಉಳಿದ ಜಗಳ, ಎಲ್ಲವೂ ಆ ಒಂದು ಶನಿವಾರಕ್ಕೆ ಜೋತುಬಿದ್ದಿರುತ್ತವೆ. ವಾರವಿಡೀ ತಡೆದುಕೊಂಡ ಜ್ವರವನ್ನೂ ಇಲ್ಲಿನ ಹೆಂಗಸರು ಶನಿವಾರವೇ ಮಲಗಿ ಅನುಭವಿಸುತ್ತಾರೆ.

ದಿಲ್ಸಿಯಾ ಪಿನೇದಾಳ ಮಟ್ಟಿಗೆ ಶನಿವಾರ ಎಂದರೆ ನಿದ್ದೆ. ಬೇರೆ ಆಸೆಗಳೆಲ್ಲ ಒಂದೊಂದಾಗಿ ಉದುರಿಹೋಗಿ ಅದೊಂದು ಉಳಿದುಕೊಂಡಿತ್ತು. ಹಿಂದಿನ ಎರಡು ಶನಿವಾರ ಲೈನಿನ ಟಾರ್ಗೆಟ್ ಮುಗಿದಿರಲಿಲ್ಲ, ಹಾಗಾಗಿ ಎರಡೂ ಶನಿವಾರ ಮಶೀನಿನ ಮುಂದೆಯೇ ಕಳೆದುಹೋಗಿದ್ದವು. ಭಾನುವಾರ ಬಟ್ಟೆ ಒಗೆಯಬೇಕು, ಚರ್ಚಿಗೆ ಹೋಗಬೇಕು, ಮಗಳು ಪ್ರೊಗ್ರೆಸೊದಿಂದ ಬಂದರೆ ಕೋಳಿ ಬೇಯಿಸಬೇಕು. ಅದು ರಜೆಯಲ್ಲ, ಸಂಬಳವಿಲ್ಲದ ಶಿಫ್ಟು. ಈ ಶನಿವಾರ ಸಿಕ್ಕರೆ ಬಾಗಿಲು ಹಾಕಿ, ಫ್ಯಾನು ತಿರುಗಿಸಿ, ತಂಗಿಗೆ 'ನಾನು ಸತ್ತಿದೀನಿ ಅಂದ್ಕೋ' ಎಂದು ಹೇಳಿ ಮಲಗುವುದು ಎಂದು ಸೋಮವಾರವೇ ತೀರ್ಮಾನವಾಗಿತ್ತು.

ಅವಳು ಸಾಂತಾ ಬಾರ್ಬರಾ ಬೆಟ್ಟಗಳ ಕಡೆಯವಳು. ಕಾಫಿ ಕೊಯ್ಯುವ ಮನೆತನ. ಚಿಕ್ಕಮ್ಮ ಎರ್ಮೆಲಿಂದಾ ಒಬ್ಬಳು ಮಾತ್ರ ಕಾಫಿ ಬುಟ್ಟಿ ಬಿಟ್ಟು ಕಾಲಲ್ಲಿ ತುಳಿಯುವ ಹೊಲಿಗೆ ಮಶೀನು ಹಿಡಿದವಳು. ಅವಳು ಹುಡುಗಿಗೆ ಹೊಲಿಯಲು ಕಲಿಸುವ ಮೊದಲು ಸೂಜಿ ಬದಲಾಯಿಸಲು ಕಲಿಸಿದಳು. ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿಯನ್ನು ಪೂರ್ತಿ ಮೇಲೆ ತಾ, ಸ್ಕ್ರೂ ಸಡಿಲ ಮಾಡು, ಹಳೆಯದನ್ನು ಕೆಳಕ್ಕೆ ಎಳಿ, ಹೊಸದನ್ನು ತಡೆಯುವವರೆಗೂ ಮೇಲಕ್ಕೆ ದೂಡು, ಸ್ಕ್ರೂ ಬಿಗಿ ಮಾಡು. ಅರ್ಧಂಬರ್ಧ ದೂಡಿದೆಯೋ, ಮೊದಲ ಹೊಲಿಗೆಗೇ ಮುರಿಯುತ್ತೆ. ಹುಡುಗಿ ತಪ್ಪು ಮಾಡಿದಾಗಲೆಲ್ಲ ಚಿಕ್ಕಮ್ಮ ತಲೆಗೆ ಮೊಟಕುತ್ತಿದ್ದಳು. ಹದಿನೆಂಟು ತುಂಬುವಷ್ಟರಲ್ಲಿ ದಿಲ್ಸಿಯಾ ಚೊಲೋಮಾದ ಬಸ್ಸು ಹತ್ತಿದಳು. ಆಗ ಇಲ್ಲಿ ಹೊಸ ಹೊಸ ಕಾರ್ಖಾನೆಗಳು ಏಳುತ್ತಿದ್ದವು, ಗೇಟಿನ ಮುಂದೆ ನಿಂತ ಹುಡುಗಿಯರನ್ನು ಕೈ ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದರು. ಗಂಡ ಎಂದು ಒಬ್ಬನಿದ್ದ. ಬಾಳೆ ತೋಟದ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನ ಬಗ್ಗೆ ಅವಳು ಕೆಟ್ಟದಾಗಿ ಮಾತಾಡುವುದಿಲ್ಲ, ಅಷ್ಟು ಶಕ್ತಿಯನ್ನು ಅವನ ಮೇಲೆ ಯಾಕೆ ಸುರಿಯಬೇಕು ಎಂಬುದು ಅವಳ ವಾದ.

ಈಗ ಅವಳ ಲೈನಿನಲ್ಲಿ ಹೊಲಿಯುತ್ತಿದ್ದುದು ಎಳೆ ಮಕ್ಕಳ ಮೈಬಟ್ಟೆ. ಹೊರದೇಶದ ಕ್ರಿಸ್ಮಸ್ಸಿಗೆ ಕಡುಕೆಂಪು ಬಣ್ಣದ್ದು, ಕತ್ತಿನಿಂದ ಕಾಲಿನವರೆಗೆ ಒಂದೇ ತುಂಡು. ಹೊರಗೆ ಆಗಸ್ಟಿನ ಬಿಸಿಲು ತಗಡನ್ನು ಕಾಯಿಸುತ್ತಿತ್ತು, ಒಳಗೆ ಇವರು ಹಿಮದ ದೇಶದ ಕೂಸುಗಳಿಗೆ ಬೆಚ್ಚನೆಯ ಬಟ್ಟೆ ಹೊಲಿಯುತ್ತಿದ್ದರು. ದಿಲ್ಸಿಯಾಳ ಪಾಲಿಗೆ ಬಂದದ್ದು ತೊಡೆಸಂದಿಯ ಪಟ್ಟಿ. ಅಲ್ಲಿ ನಾಲ್ಕಾರು ಪದರ ಒಂದರ ಮೇಲೊಂದು ಸೇರಿ ದಪ್ಪಗಾಗುತ್ತದೆ, ಸೂಜಿ ಮುರಿಯುವುದಾದರೆ ಅಲ್ಲೇ.

ಸೂಜಿ ಮುರಿದರೆ ಅದಕ್ಕೊಂದು ಶಾಸ್ತ್ರವಿದೆ. ಮುರಿದ ಅಷ್ಟೂ ಚೂರುಗಳನ್ನು ಹುಡುಕಿ, ಸೂಪರ್‌ವೈಸರ್ ಮುಂದೆ ಸಾಲಾಗಿ ಜೋಡಿಸಿ, ಇಗೋ ಪೂರ್ತಿ ಸೂಜಿ ಎಂದು ತೋರಿಸಬೇಕು. ಆಮೇಲೆ ಮೆಕ್ಯಾನಿಕ್ ಬಂದು ಹೊಸದನ್ನು ಹಾಕುತ್ತಾನೆ. ಒಂದು ಚೂರು ಕಡಿಮೆಯಾದರೂ ಲೈನು ನಿಲ್ಲಬೇಕು, ಆ ಮಶೀನಿನಿಂದ ಹೋದ ಬಟ್ಟೆಯನ್ನೆಲ್ಲ ಒಂದೊಂದಾಗಿ ಬಿಚ್ಚಿ, ಲೋಹ ಕಂಡರೆ ಕೂಗುವ ಪತ್ತೆಕೋಲು ಆಡಿಸಬೇಕು. ಮಗುವಿನ ಬಟ್ಟೆಯಲ್ಲಿ ಸೂಜಿಯ ಚೂರು ಹೋಗಬಾರದಲ್ಲ. ನ್ಯಾಯವಾದ ನಿಯಮವೇ. ಆದರೆ ಅದನ್ನು ಪಾಲಿಸಿದ ಲೈನಿಗೆ ಶನಿವಾರ ಸಿಗುವುದಿಲ್ಲ. ಅದಕ್ಕೇ ಹೆಂಗಸರು ಒಂದು ಉಪಾಯ ಮಾಡಿಕೊಂಡಿದ್ದರು. ಮೊಂಡಾದ ಸೂಜಿಯನ್ನು ಬದಲಿಸುವಾಗ ಯಾರಾದರೂ ಒಬ್ಬಳು ಹಳೆಯದನ್ನು ಹೇಗೋ ಹಾರಿಸಿಕೊಂಡು ಬಂದು, ಅದರ ಮೊನೆ ಮುರಿದು, ಜಗಿದ ಚ್ಯೂಯಿಂಗ್ ಗಮ್ಮಿಗೆ ಅಂಟಿಸಿ ಮೇಜಿನ ಅಡಿಯಲ್ಲಿ ಬಚ್ಚಿಡುತ್ತಿದ್ದಳು. ಮುಂದೆ ಯಾರದಾದರೂ ಮೊನೆ ಸಿಗದೆ ಹೋದಾಗ ಇದನ್ನೇ ತಂದು ಜೋಡಿಸಿಬಿಡುವುದು. ಆ ಮೊನೆಗೆ ಅವರು ಇಟ್ಟ ಹೆಸರು 'ತೀರಿಕೊಂಡವಳು'.

ಆ ಶುಕ್ರವಾರ ಮೂರೂವರೆಗೆ ದಿಲ್ಸಿಯಾಳ ಮಶೀನು ಟಕ್ ಎಂದಿತು. ಬಟ್ಟೆ ಅಲ್ಲೇ ಕಚ್ಚಿಕೊಂಡಿತು. ಸೂಜಿಯ ಮೇಲಿನ ತುಂಡು ಸ್ಕ್ರೂವಿನಲ್ಲೇ ಇತ್ತು, ನಡುವಿನ ತುಂಡು ಮಡಿಲಿಗೆ ಬಿತ್ತು. ಮೊನೆ ಇಲ್ಲ. ಅವಳು ಬಟ್ಟೆ ಕೊಡವಿದಳು, ಮಶೀನಿನ ಪಾದದ ಕೆಳಗೆ ನೋಡಿದಳು, ಬಾಬಿನ್ ಮುಚ್ಚಳ ತೆಗೆದು ನೋಡಿದಳು, ಮಂಡಿಯೂರಿ ನೆಲ ಸವರಿದಳು. ಏಳುವಾಗ ಸೊಂಟ ಹಿಡಿದುಕೊಂಡಿತು.

ಪಕ್ಕದ ಮಶೀನಿನ ಮಿರ್ತಾಲಾ ತಲೆ ಎತ್ತದೆಯೇ ಕೇಳಿದಳು, "ಏನೇ, ಮೊನೆ ಸಿಗಲಿಲ್ವಾ?"

"ಇಲ್ಲ ಕಣೇ."

"ಸರಿಯಾಗಿ ನೋಡು. ಕನ್ನಡಕ ತಲೆ ಮೇಲೆ ಏರಿಸ್ಕೊಂಡು ಹುಡುಕಿದ್ರೆ ದೇವ್ರೂ ಸಿಗಲ್ಲ."

ಮಿರ್ತಾಲಾ ಅವಳ ಓರಗೆಯವಳು, ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದವರು. ಇಬ್ಬರೂ ಎಷ್ಟು ವರ್ಷದಿಂದ ಅಕ್ಕಪಕ್ಕ ಕೂತಿದ್ದರೆಂದರೆ ಮುಖ ನೋಡಿ ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ದಿಲ್ಸಿಯಾಳ ಇನ್ನೊಂದು ಪಕ್ಕದಲ್ಲಿ ಹೆನೆಸಿಸ್, ಹೊಸ ಬಾಣಂತಿ, ದಿಲ್ಸಿಯಾ ಮುಗಿಸಿದ ಬಟ್ಟೆಗೆ ಪ್ಲಾಸ್ಟಿಕ್ ಗುಂಡಿ ಕೂರಿಸುವವಳು, ಹಿರಿಯಳೆಂದು ಅವಳನ್ನು ದೋನ್ಯಾ, ಅಂದರೆ ಅಮ್ಮಾವ್ರೇ, ಎಂದು ಕರೆಯುವವಳು. ಅವಳ ಮಗಳಿಗೆ ನಾಳೆ ಬೆಳಿಗ್ಗೆ ಚರ್ಚಿನಲ್ಲಿ ಜ್ಞಾನಸ್ನಾನ. ಗಡಿಯಾರ ನೋಡಿ ಅವಳ ಮುಖ ಬಾಡಿತು.

"ದೋನ್ಯಾ ದಿಲ್ಸಿಯಾ, ನಿಮ್ಮ ಕಾಲಿಗೆ ಬೀಳ್ತೀನಿ, ಹುಡುಕ್ತಾ ಕೂರಬೇಡಿ. ತೀರ್ಕೊಂಡೋಳನ್ನ ಕರೀರಿ."

"ನಿನ್ನೆ ಇಲ್ಲೇ ಇದ್ಲು," ಎಂದು ಮಿರ್ತಾಲಾ ಮೇಜಿನ ಅಡಿಗೆ ಕೈ ಹಾಕಿ ಚ್ಯೂಯಿಂಗ್ ಗಮ್ಮಿನ ಉಂಡೆ ಕಿತ್ತು ಕೊಟ್ಟಳು. "ಹೋಗು, ಬೇಗ ಪುನರುತ್ಥಾನ ಮಾಡ್ಸು."

ದಿಲ್ಸಿಯಾಳಿಗೆ ಯೋಚಿಸುವಷ್ಟು ತ್ರಾಣವೂ ಇರಲಿಲ್ಲ. ಸ್ಕ್ರೂ ಸಡಿಲಿಸಿ ಮೇಲಿನ ತುಂಡನ್ನೂ ಎಳೆದುಕೊಂಡು, ಮೂರು ಚೂರುಗಳನ್ನು ಅಂಗೈಯಲ್ಲಿಟ್ಟು ಯೋಲಾನಿಯ ಮೇಜಿಗೆ ನಡೆದಳು. ಯೋಲಾನಿ ಈಗ ಸೂಪರ್‌ವೈಸರ್, ಹಿಂದೆ ಇದೇ ಲೈನಿನಲ್ಲಿ ಕೂತು ದಿಲ್ಸಿಯಾಳಿಂದಲೇ ಪಟ್ಟಿ ಹೊಲಿಯುವುದನ್ನು ಕಲಿತವಳು. ಫೋನು ಕಿವಿಗಿಟ್ಟುಕೊಂಡೇ ಚೂರುಗಳ ಮೇಲೆ ಕಣ್ಣಾಡಿಸಿ, ಸರಿ ಹೋಗಿ ಎಂದು ಕೈಯಾಡಿಸಿದಳು. ಮೆಕ್ಯಾನಿಕ್ ಓಲ್ವಿನ್ ಮಾತ್ರ ಆ ಮೊನೆಯನ್ನು ಒಂದು ಗಳಿಗೆ ಹೆಚ್ಚೇ ನೋಡಿದ. ಅದು ಜೀನ್ಸ್ ಹೊಲಿಯುವ ಸೂಜಿಯ ಮೊನೆ, ಯಾವ ಕಾಲದ್ದೋ ಏನೋ.

"ಮೇಲಿಂದ ಸಣ್ಣಗಿದಾಳೆ, ಕೆಳಗೆ ಬರ್ತಾ ಬರ್ತಾ ದಪ್ಪ ಆಗಿದಾಳಲ್ಲ ದೋನ್ಯಾ," ಎಂದು ಮೆಲ್ಲಗೆ ಅಂದ.

"ವಯಸ್ಸಾದ್ಮೇಲೆ ಎಲ್ಲರ ಕಥೆಯೂ ಅಷ್ಟೇ. ಸೂಜಿ ಹಾಕಪ್ಪ."

ಅವನು ನಕ್ಕು ಮಶೀನಿನ ಮುಂದೆ ಬಗ್ಗಿದ. ಚಕ್ರ ತಿರುಗಿಸಿ ದಂಡವನ್ನು ಮೇಲಕ್ಕೆ ತಂದ, ಹೊಸ ಸೂಜಿಯನ್ನು ಉದ್ದನೆಯ ಗೆರೆ ಎಡಕ್ಕೆ ಬರುವಂತೆ ಹಿಡಿದು ಮೇಲಕ್ಕೆ ದೂಡಿದ, ಬಿಗಿ ಮಾಡಿದ. ದಾರವನ್ನು ಅವಳೇ ಪೋಣಿಸಬೇಕಿತ್ತು. ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಹೋಯಿತು. ಪೆಡಲ್ ಒತ್ತಿದಳು, ಲೈನು ಮತ್ತೆ ಓಡತೊಡಗಿತು.

ಓಡುತ್ತಿತ್ತು, ಆದರೆ ಅವಳ ಮನಸ್ಸು ಹಿಂದೆಯೇ ಕೂತಿತ್ತು. ಮೊನೆ ಎಲ್ಲೋ ಹೋಗಲೇಬೇಕಲ್ಲ. ಮಶೀನಿನಲ್ಲಿಲ್ಲ, ನೆಲದಲ್ಲಿಲ್ಲ. ಹಾಗಾದರೆ ಬಟ್ಟೆಯಲ್ಲಿದೆ, ತೊಡೆಸಂದಿಯ ಪದರಗಳ ನಡುವೆ. ಬಾಗಿಲ ಬಳಿಯ ದೊಡ್ಡ ಪತ್ತೆಯಂತ್ರ ಕೆಟ್ಟು ಕೂತಿತ್ತು, ಅದನ್ನು ರಿಪೇರಿ ಮಾಡುವವನು ಸಾನ್ ಪೇದ್ರೋದಿಂದ ಇನ್ನೂ ಬಂದಿರಲಿಲ್ಲ. ಇಲ್ಲಿ ತಪ್ಪಿಸಿಕೊಂಡದ್ದು ನೇರ ಹಡಗಿಗೇ. ಯಾವುದೋ ಊರಿನಲ್ಲಿ ಯಾವುದೋ ತಾಯಿ ಕೂಸಿಗೆ ಈ ಕೆಂಪು ಬಟ್ಟೆ ತೊಡಿಸುತ್ತಾಳೆ. ಕೂಸು ಕಿರುಚುತ್ತದೆ. ಹಸಿವು ಎಂದುಕೊಂಡು ಹಾಲು ಕುಡಿಸುತ್ತಾಳೆ, ಹೊಟ್ಟೆನೋವು ಎಂದುಕೊಂಡು ತಟ್ಟುತ್ತಾಳೆ, ಎದೆಗೆ ಒತ್ತಿ ಹಿಡಿಯುತ್ತಾಳೆ. ಒತ್ತಿದಷ್ಟೂ ಅದು ಒಳಗೆ ಹೋಗುತ್ತದೆ. ಇಲ್ಲಿ ಚುಚ್ಚುತ್ತಿದೆ ಅಮ್ಮಾ ಎಂದು ಹೇಳಲು ಕೂಸಿಗೆ ಬಾಯಿ ಬರುವುದಿಲ್ಲ.

'ನಿದ್ದೆ ಮಾಡ್ತೀಯೇನೇ ನಾಳೆ?' ಎಂದು ತನ್ನನ್ನೇ ಕೇಳಿಕೊಂಡಳು. ಬಾಗಿಲು ಹಾಕಿ, ಫ್ಯಾನು ತಿರುಗಿಸಿ ಮಲಗಿದಂತೆ ಕಲ್ಪಿಸಿಕೊಂಡರೂ ಆ ಅಳು ಕೇಳಿಸಿತು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇಷ್ಟು ದಣಿದವಳಿಗೆ ಮನಸ್ಸಾಕ್ಷಿಯಾದರೂ ಯಾಕೆ ದಣಿಯಬಾರದು?

ಪೆಡಲಿನಿಂದ ಕಾಲು ತೆಗೆದಳು. ಎದ್ದು ಹೋಗಿ ಹೆನೆಸಿಸ್‌ಳ ಬುಟ್ಟಿಯಿಂದ ತಾನು ಹೊಲಿದ ಕಟ್ಟನ್ನು ಎತ್ತಿಕೊಂಡು ಬಂದು ಒಂದೊಂದೇ ಬಟ್ಟೆಯ ಪಟ್ಟಿಯನ್ನು ಕೆನ್ನೆಗೆ ಒತ್ತಿ ಉಜ್ಜತೊಡಗಿದಳು.

ಬೆರಳಲ್ಲಿ ಮುಟ್ಟಿ ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಬೆರಳುಗಳಿಗೆ ಗೊತ್ತಾಗುತ್ತಿರಲಿಲ್ಲ. ಮೊದಮೊದಲು ರಾತ್ರಿ ಜುಮ್ಮೆನ್ನುತ್ತಿದ್ದವು, ಆಮೇಲೆ ಬೆಳಿಗ್ಗೆಯೂ ಜುಮ್ಮೆನ್ನತೊಡಗಿದವು, ಆಮೇಲೆ ಜುಮ್ಮೆನ್ನುವುದನ್ನೂ ಬಿಟ್ಟವು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಮರಗಟ್ಟಿ ಹೋಗಿದ್ದವು. ಬಿಸಿ ಕಾಫಿಯ ಲೋಟವನ್ನು ಅವಳು ಮಣಿಕಟ್ಟಿನಿಂದ ಮುಟ್ಟಿ ನೋಡಿ ಎತ್ತಿಕೊಳ್ಳುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದವರ ಗತಿ ಏನಾಗುತ್ತದೆಂದು ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಮೊದಲು ಕಾರ್ಖಾನೆಯ ಡಾಕ್ಟರು, ಆಮೇಲೆ ನೂಲು ಕತ್ತರಿಸುವ ಕೆಲಸ, ಆಮೇಲೆ ಯಾವುದೋ ಒಂದು ನೆಪ, ಆಮೇಲೆ ಗೇಟಿನ ಹೊರಗೆ. ಸ್ಪರ್ಶ ಹೋದ ಕೈಗೆ ಬೇರೆ ಯಾವ ಕಾರ್ಖಾನೆಯೂ ಮಶೀನು ಕೊಡುವುದಿಲ್ಲ. ಕಣ್ಣು ಮತ್ತು ಕಿವಿಯ ಮೇಲೆ ಭಾರ ಹಾಕಿ ಅವಳು ಹೇಗೋ ಕೆಲಸ ಸಾಗಿಸುತ್ತಿದ್ದಳು.

"ಏನು ಮಾಡ್ತಿದೀರ ದೋನ್ಯಾ?" ಹೆನೆಸಿಸ್ ಕೂಗಿದಳು. "ಬಟ್ಟೆ ಕೊಡಿ! ನನ್ನ ಕೈ ಖಾಲಿ ಕೂತಿದೆ!"

"ಮೊನೆ ಇದರಲ್ಲೇ ಇದೆ ಮಗಳೇ. ಒಂದು ನಿಮಿಷ."

"ಒಂದು ನಿಮಿಷ ಅಂತೆ! ಪಾದ್ರಿ ಹತ್ತು ಗಂಟೆಗೆ ಬರ್ತಾರೆ ನಾಳೆ. ಲಾ ಲೀಮಾದಿಂದ ನನ್ನ ಅತ್ತೆ ಬರ್ತಾರೆ. ಬೇರೆ ದೇಶದ ಮಗೂಗೆ ಚುಚ್ಚುತ್ತೆ ಅಂತ ನಿಮಗೆ ಸಂಕಟ, ನನ್ನ ಮಗು ನಿಮ್ಮ ಕಣ್ಣಿಗೇ ಬೀಳಲ್ಲ ಅಲ್ವಾ?"

ಹುಡುಗಿ ಹೇಳಿದ್ದರಲ್ಲಿ ಸುಳ್ಳೇನಿತ್ತು? ದಿಲ್ಸಿಯಾ ಇನ್ನೊಂದು ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡಳು. ಅತ್ತ ಲೈನು ಸಾಲಾಗಿ ನಿಲ್ಲುತ್ತಾ ಬಂತು. ಒಂದು ಮಶೀನು ನಿಂತರೆ ಮುಂದಿನದಕ್ಕೆ ಬಟ್ಟೆ ಇಲ್ಲ. ಸದ್ದು ಕಡಿಮೆಯಾದದ್ದು ಕೇಳಿ ಯೋಲಾನಿ ಓಡಿಬಂದಳು.

"ಯಾಕೆ ನಿಲ್ಲಿಸಿದ್ರಿ? ಯಾರು ನಿಲ್ಲಿಸಿದ್ದು?"

ಮಿರ್ತಾಲಾ ಬಾಯಿ ತೆರೆಯುವಷ್ಟರಲ್ಲಿ ದಿಲ್ಸಿಯಾ ಹೇಳಿಬಿಟ್ಟಳು. "ನಾನು ಕಣಮ್ಮ. ನಿನಗೆ ಕೊಟ್ಟ ಮೊನೆ ಇದರದ್ದಲ್ಲ. ಇದರ ಮೊನೆ ಸಿಗಲೇ ಇಲ್ಲ."

ಯೋಲಾನಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡು ನಿಂತಳು. ಅವಳೂ ಬೆಳಿಗ್ಗೆ ಐದಕ್ಕೆ ಎದ್ದವಳೇ.

"ತೀರ್ಕೊಂಡೋಳಾ?" ಎಂದಳು ಕೊನೆಗೆ.

"ಹೂಂ."

"ನನಗೇನು ಗೊತ್ತಾಗಲ್ಲ ಅಂದ್ಕೊಂಡ್ರಾ? ಈ ಮೇಜಿನ ಅಡಿಗೆ ಗಮ್ಮು ಅಂಟಿಸೋದನ್ನ ಶುರು ಮಾಡಿದ್ದೇ ನಾವು. ಗೊತ್ತಿದ್ರೂ ನೋಡದೆ ಇರೋಣ ಅಂತ ಇದ್ದೆ. ಈಗ ನೀವು ಬಾಯಿ ಬಿಟ್ಟು ಹೇಳಿದ ಮೇಲೆ ನಾನು ಏನು ಮಾಡ್ಲಿ ಹೇಳಿ? ನೀವೇ ಹೇಳಿ ದೋನ್ಯಾ." ಅವಳು ಲೈನಿನ ಕಡೆ ತಿರುಗಿದಳು. "ಎಲ್ಲರೂ ಎದ್ದು ನಿಲ್ಲಿ. ಓಲ್ವಿನ್, ಪತ್ತೆಕೋಲು ತಗೊಂಡ್ ಬಾ. ನಾಳೆ ಏಳು ಗಂಟೆಗೆ ಎಲ್ಲರೂ ಇಲ್ಲಿರಬೇಕು."

ಶನಿವಾರ ಹೀಗೆ ಹೋಯಿತು. ಹೆನೆಸಿಸ್ ಮುಖ ಮುಚ್ಚಿಕೊಂಡು ಅತ್ತಳು. ಉಳಿದವರು ಅಳಲಿಲ್ಲ, ಗೋಡೆಗೆ ಒರಗಿ ಚಪ್ಪಲಿ ಬಿಚ್ಚಿ ಪಾದ ತಿಕ್ಕಿಕೊಂಡರು. ಯಾರೋ ಒಬ್ಬಳು ದಿಲ್ಸಿಯಾಳಿಗೆ ಕೇಳುವಂತೆಯೇ, "ಕೆಲವರಿಗೆ ಮುದಿತನದಲ್ಲಿ ಪುಣ್ಯ ಸಂಪಾದಿಸೋ ಚಟ ಹತ್ತುತ್ತೆ, ಖರ್ಚೆಲ್ಲ ಬೇರೆಯವರದ್ದು," ಎಂದಳು.

ಓಲ್ವಿನ್ ಬಟ್ಟೆಗಳನ್ನು ದಿಲ್ಸಿಯಾಳ ಮೇಜಿನ ಮೇಲೆ ಹರಡಿ ಕೋಲು ಆಡಿಸಿದ. ಒಂದಾದ ಮೇಲೆ ಒಂದು. ಕೋಲು ಸದ್ದು ಮಾಡಲಿಲ್ಲ. ಅವಳು ಮುಗಿದದ್ದನ್ನು ಮಡಿಸಿ ಪಕ್ಕಕ್ಕಿಡುತ್ತಾ, ಹೊಸದನ್ನು ಅವನ ಮುಂದೆ ಚಾಚುತ್ತಾ ಹೋದಳು. ಕಟ್ಟು ಕರಗುತ್ತಾ ಬಂದ ಹಾಗೆ ಅವಳು ಉಳಿದವನ್ನು ಎಣಿಸತೊಡಗಿದಳು. ಇದರಲ್ಲೂ ಇಲ್ಲದಿದ್ದರೆ? ಇಷ್ಟು ಜನರ ಶನಿವಾರವನ್ನು ತನ್ನ ಭ್ರಮೆಯ ಕಾಲಿಗೆ ಸುರಿದಂತಾಗುತ್ತದಲ್ಲ.

ಕೊನೆಯ ಬಟ್ಟೆಗೂ ಕೋಲು ಸುಮ್ಮನಿತ್ತು. "ಇಷ್ಟೇನಾ?" ಎಂದು ಓಲ್ವಿನ್ ಕೋಲನ್ನು ಅವಳ ಕಡೆ ತಿರುಗಿಸಿದ. ಅವಳು ಆ ಬಟ್ಟೆಯನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಕೋಲು ಕೀಂ ಎಂದಿತು.

"ಉಂಗುರ ತೆಗೀರಿ ದೋನ್ಯಾ."

"ಉಂಗುರ ಎಲ್ಲಿದೆ ನನಗೆ? ಅದು ಗಂಡನ ಜೊತೆಗೇ ಹೋಯ್ತು."

ಯಾರೋ ಕಿಸಕ್ಕೆಂದರು. ಓಲ್ವಿನ್ ಬಟ್ಟೆಯನ್ನು ದೂರ ಸರಿಸಿ ಬರೀ ಕೈಯ ಮೇಲೆ ಕೋಲು ಹಿಡಿದ. ಕೀಂ. ಅಂಗೈ ಮೇಲೆ ಮಾಡಿಸಿ ಬಗ್ಗಿ ನೋಡಿದ. ತೋರುಬೆರಳಿನ ತುದಿಯಲ್ಲಿ, ಗಟ್ಟಿ ಚರ್ಮದ ನಡುವೆ, ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಸುತ್ತ ಒಣಗಿದ ಒಂಚೂರು ರಕ್ತ. ಕೆಂಪು ಬಟ್ಟೆಯ ಮೇಲೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸೂಜಿ ಅವಳ ಬೆರಳಿಗೆ ಇಳಿದು ಮೂಳೆಗೆ ತಾಗಿ ಮುರಿದಿತ್ತು. ಅವಳು ಆ ಬೆರಳಿನಲ್ಲೇ ನೆಲ ಸವರಿದ್ದಳು, ಅದೇ ಬೆರಳಿನಲ್ಲಿ ದಾರ ಪೋಣಿಸಿದ್ದಳು, ಅದೇ ಬೆರಳಿನಲ್ಲಿ ಬಟ್ಟೆಗಳನ್ನು ಕೆನ್ನೆಗೆ ಒತ್ತಿಕೊಂಡಿದ್ದಳು.

ಯೋಲಾನಿ ಹತ್ತಿರ ಬಂದಳು. "ಬೆರಳಲ್ಲಾ? ಇಷ್ಟು ಹೊತ್ತೂ ಬೆರಳಲ್ಲೇ ಇತ್ತಾ? ನಿಮಗೆ ಗೊತ್ತಾಗಲೇ ಇಲ್ವಾ ದೋನ್ಯಾ?"

ಅದು ಬೈಗುಳವಲ್ಲ, ಬರೀ ಪ್ರಶ್ನೆ. ದಿಲ್ಸಿಯಾಳಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸಿತು. ಲೈನಿನ ಅಷ್ಟೂ ಕಣ್ಣುಗಳು ಅವಳ ಕೈಯ ಮೇಲಿದ್ದವು. ಡಾಕ್ಟರು, ನೂಲು ಕತ್ತರಿಸುವ ಮೂಲೆ, ಗೇಟು, ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂದವು.

"ಗೊತ್ತಾಯ್ತು," ಎಂದಳು. "ಏನೋ ಚುಚ್ಚಿದ ಹಾಗೆ ಆಗ್ತಾ ಇತ್ತು. ಗಡಿಬಿಡೀಲಿ ಗಮನ ಕೊಡಲಿಲ್ಲ."

ಯೋಲಾನಿ ಅವಳ ಮುಖವನ್ನೇ ನೋಡುತ್ತಾ, "ತೆಗಿ ಓಲ್ವಿನ್," ಎಂದಳು. ಓಲ್ವಿನ್ ಚಿಮಟ ತೆಗೆದ. ಸುತ್ತಲಿನ ಹೆಂಗಸರು ಹತ್ತಿರ ಸರಿದರು. ಮಿರ್ತಾಲಾ ಎಲ್ಲರಿಗಿಂತ ಮುಂದೆ ಬಂದು ದಿಲ್ಸಿಯಾಳ ಮೈಗೆ ಮೈ ತಾಗಿಸಿ ನಿಂತಳು. ಚಿಮಟದ ತುದಿ ಗಟ್ಟಿ ಚರ್ಮವನ್ನು ಬಿಡಿಸಿಕೊಂಡು ಒಳಗೆ ಹೋಯಿತು, ಮೊನೆಯನ್ನು ಹಿಡಿಯಿತು, ಎಳೆಯಿತು. ಅದು ಸುಲಭಕ್ಕೆ ಬರಲಿಲ್ಲ. ಓಲ್ವಿನ್‌ನ ಹಣೆಯಲ್ಲಿ ಬೆವರೊಡೆಯಿತು. ದಿಲ್ಸಿಯಾ ತನ್ನ ಬೆರಳನ್ನು ಇನ್ಯಾರದೋ ಬೆರಳಿನಂತೆ ನೋಡುತ್ತಾ ನಿಂತಿದ್ದಳು. ಕೂಗಬೇಕು ಎಂದು ಗೊತ್ತಿತ್ತು. ಯಾವಾಗ ಕೂಗಬೇಕು ಎಂಬುದೇ ತಿಳಿಯಲಿಲ್ಲ. ನೋವು ಎಲ್ಲಿ ಶುರುವಾಗಬೇಕಿತ್ತು? ಈಗಲೋ, ಆಗಲೇ ಮುಗಿದುಹೋಯಿತೋ?

ಮೇಜಿನ ಅಡಿಯಲ್ಲಿ ಮಿರ್ತಾಲಾಳ ಹಿಮ್ಮಡಿ ಅವಳ ಪಾದದ ಮೇಲೆ ಪೂರ್ತಿ ಭಾರ ಹಾಕಿ ಬಿತ್ತು.

"ಅಯ್ಯಯ್ಯೋ!" ದಿಲ್ಸಿಯಾಳ ಕೂಗು ತಗಡಿನ ಸೂರಿಗೆ ಬಡಿಯಿತು.

"ನೋಡಿ, ಹೇಗೆ ಕಿರುಚ್ತಾಳೆ," ಎಂದಳು ಮಿರ್ತಾಲಾ, ಎಲ್ಲರಿಗೂ ಕೇಳುವಂತೆ. "ಮೊದಲಿನಿಂದಲೂ ಇವಳು ಹೀಗೇ. ಇರುವೆ ಕಚ್ಚಿದ್ರೂ ಊರು ಎಬ್ಬಿಸ್ತಾಳೆ. ನನ್ನ ಕಿವಿ ಹೋಯ್ತು."

ಯೋಲಾನಿಯ ಮುಖ ಸಡಿಲಾಯಿತು. ನಂಬಿದಳೋ, ನಂಬುವುದೇ ಲೇಸು ಎಂದುಕೊಂಡಳೋ, ಮೊನೆಯನ್ನು ಇಸಿದುಕೊಂಡು ಮಿಕ್ಕ ಎರಡು ಚೂರುಗಳ ಪಕ್ಕದಲ್ಲಿಟ್ಟು ಕೂಡಿಸಿ ನೋಡಿದಳು. ಸರಿಯಾಗಿ ಕೂತಿತು. "ಸೂಜಿ ಪೂರ್ತಿ ಆಯ್ತು. ಎಲ್ಲರೂ ಮಶೀನಿಗೆ ಹೋಗಿ. ನಾಳೆ ಬರೋದು ಬರೋದೇ," ಎಂದು ತನ್ನ ಮೇಜಿನ ಕಡೆ ನಡೆದಳು.

ಕೂಗು ನಿಂತ ಮೇಲೂ ದಿಲ್ಸಿಯಾಳ ಅಳು ನಿಲ್ಲಲಿಲ್ಲ. ಕಾಲು ನೋಯುತ್ತಿತ್ತು, ಚೆನ್ನಾಗಿಯೇ ನೋಯುತ್ತಿತ್ತು. ಬೆರಳಿನಿಂದ ರಕ್ತ ಸುರಿಯುತ್ತಿತ್ತು, ಅಲ್ಲಿ ಏನೂ ಇರಲಿಲ್ಲ. ಹೆನೆಸಿಸ್ ಕೆಂಪು ಬಟ್ಟೆಯ ಚಿಂದಿ ತಂದು ಆ ಬೆರಳಿಗೆ ಸುತ್ತಿದಳು. ಅವಳ ಕೋಪ ಇಳಿದಿರಲಿಲ್ಲ, ಸುತ್ತುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಇದ್ದಳು. ಗಂಟು ಹಾಕುವಾಗ ಮಾತ್ರ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದಳು.

"ಬಿಗಿ ಆಯ್ತಾ ದೋನ್ಯಾ?"

ದಿಲ್ಸಿಯಾ ಬೆರಳಿನ ಕಡೆ ನೋಡಿದಳು. "ನೀನೇ ನೋಡಿ ಹೇಳು ಮಗಳೇ," ಎಂದಳು.